ಸಿಟ್ಟಿನಲ್ಲಿ ಕಲಿತ ಭಾಷೆ

ತಮ್ಮಾ,

ಕೆಲಸ, ಬಾಡಿಗೆ, ಚಳಿ, ಅದೆಲ್ಲ ನಿಮ್ಮ ಅವ್ವ ಹೇಳಿದ್ದಾಳೆ, ಬಿಡು. ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ಕಾಕಾ, ಸಿಟ್ಟು ಬಂದರೆ ಜರ್ಮನ್ ಸರಾಗ ಬರುತ್ತದೆ, ಪ್ರೀತಿಯಿಂದ ಮಾತಾಡಲು ಹೋದರೆ ತಡವರಿಸುತ್ತೇನೆ" ಅಂತ. ಅದನ್ನು ಓದಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಮಂತ್ರಿಗಳ ಪೋಸ್ಟಿನ ಕೆಳಗೆ ಜನ ಬರೆಯುವ ಕಾಮೆಂಟು ಓದಿ ಭಾಷೆ ಕಲಿಯುತ್ತಿದ್ದೇನೆ ಅಂತ ನೀನು ಅಂದಾಗ ಶಹಬಾಸ್ ಅಂದವನು ನಾನೇ. ಈಗಲೂ ತಪ್ಪು ಅನ್ನುವುದಿಲ್ಲ. ಆ 'ಡೋಖ್' ಅನ್ನೋ ಶಬ್ದ ಪುಸ್ತಕದಲ್ಲಿ ತಿಳಿಯಲಿಲ್ಲ, ಜಗಳ ಓದಿಯೇ ತಲೆಗೆ ಹೋಯಿತು ಅಂತ ನೀನೇ ಅಂದಿದ್ದೆ. ನೀನು ಬಂದಿಲ್ಲ ಅಂತ ಯಾರಾದರೂ ಅಂದರೆ ನಾವು "ಬಂದೀನಲ್ಲ!" ಅಂತೀವಿ, ಆ ಕೊನೆಯ 'ಅಲ್ಲ' ಇದ್ದ ಹಾಗೆ, ಅಲ್ವಾ? ಅಂಥದ್ದು ಜಗಳದಲ್ಲೇ ಸಿಗೋದು.

ನಾನೂ ಹಾಗೇ ಕಲಿತವನು. 1977ರ ಚುನಾವಣೆ. ಸೊಲ್ಲಾಪುರದ ಚಾದರದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಕನ್ನಡ, ತೆಲುಗಿನಲ್ಲೇ ಆ ಊರಲ್ಲಿ ದಿನ ತೆಗೆಯಬಹುದಿತ್ತು, ಆದರೆ ಎಮರ್ಜೆನ್ಸಿಯಲ್ಲಿ ಒಂದೂವರೆ ವರ್ಷ ಬಾಯಿ ಮುಚ್ಚಿಕೊಂಡಿದ್ದ ಜನ ಚಹಾದಂಗಡಿಯಲ್ಲಿ ಇಂದಿರಾ ಪರ ಒಬ್ಬ, ವಿರುದ್ಧ ಒಬ್ಬ ಅಂತ ಮರಾಠಿಯಲ್ಲಿ ಕೂಗಾಡತೊಡಗಿದಾಗ ಅದನ್ನು ಬಿಟ್ಟು ಬರಲು ಮನಸ್ಸಾಗುತ್ತಿರಲಿಲ್ಲ. ನನ್ನ ಮರಾಠಿಯೆಲ್ಲ ಅಲ್ಲಿಯದೇ.

ಒಂದು ದಿನ ಖಾನಾವಳಿಯಲ್ಲಿ ಭಾಕರಿ ತಡವಾಯಿತು. ಚಹಾದಂಗಡಿಯಲ್ಲಿ ಮಂತ್ರಿಗೆ ಬೈಯುತ್ತಿದ್ದ ಮಾತನ್ನೇ ಖಾನಾವಳಿ ನಡೆಸುವ ಮಾವಶಿಗೆ ಅಂದುಬಿಟ್ಟೆ. ಬೈಗುಳ ಅಂತ ಗೊತ್ತಿತ್ತು, ಎಷ್ಟು ಭಾರದ್ದು ಅಂತ ಗೊತ್ತಿರಲಿಲ್ಲ. ಅವಳು ಏನೂ ಅನ್ನಲಿಲ್ಲ. ದಿನಾ ಕೇಳದೆ ಹಾಕುತ್ತಿದ್ದ ಶೇಂಗಾ ಚಟ್ನಿ ಅವತ್ತಿನಿಂದ ಕೇಳಿದರೆ ಮಾತ್ರ ಹಾಕಿದಳು. ತಪ್ಪಾಯಿತು ಅನ್ನಬೇಕು ಅಂತ ಬಾಯಿ ತೆರೆದರೆ, ಅದಕ್ಕೆ ಮರಾಠಿಯಲ್ಲಿ ಏನನ್ನುತ್ತಾರೆ ಅನ್ನೋದೇ ಗೊತ್ತಿಲ್ಲ! ಚಹಾದಂಗಡಿಯಲ್ಲಿ ಯಾರೂ ಯಾರಿಗೂ ತಪ್ಪಾಯಿತು ಅಂದಿರಲಿಲ್ಲವಲ್ಲ. ಆ ಮಾತು ಹೇಳದೆಯೇ ಕಲಬುರಗಿಗೆ ವಾಪಸ್ ಬಂದೆ. ಆಮೇಲೆ ಎಷ್ಟೋ ಸಲ ಸೊಲ್ಲಾಪುರಕ್ಕೆ ಹೋದೆ, ಆ ಓಣಿಗೆ ಕಾಲಿಡಲಿಲ್ಲ.

ಹಾಗಾಗಿ ನೀನು ತಡವರಿಸುತ್ತೇನೆ ಅಂದದ್ದು ನನಗೆ ಚುಚ್ಚಿತು. ನಾನೇನು ಹೇಳಲಿ, ಇಷ್ಟು ದೂರ ಕೂತು. ಕಾಮೆಂಟಿನಲ್ಲಿ ಮಂತ್ರಿಗೂ 'ಡು' ಅಂತ ಏಕವಚನ ಹಚ್ಚಿರುತ್ತಾರೆ ಅಂದೆಯಲ್ಲ, ಆಫೀಸಿಗೆ ಹೋದಾಗ ಬಾಯಲ್ಲಿ ಅದೇ ಬಂದೀತು, ಗೌರವದ 'ಝೀ' ಮರೆಯಬೇಡ. ಯಾರಾದರೂ ಅಪ್ಪಿತಪ್ಪಿ ಥ್ಯಾಂಕ್ಸ್ ಬರೆದಿದ್ದರೆ ಅದನ್ನೂ ನೋಟ್‌ಬುಕ್ಕಿಗೆ ಇಳಿಸು, ಜಾಸ್ತಿ ಸಿಗಲಿಕ್ಕಿಲ್ಲ. ಇನ್ನೊಂದು, ಓದು, ಆದರೆ ನೀನು ಬರೆಯಲು ಹೋಗಬೇಡ ಮಾರಾಯ. 2021ರಲ್ಲಿ ಹ್ಯಾಂಬರ್ಗ್‌ನಲ್ಲಿ ಆ ನಗರ-ರಾಜ್ಯದ ಗೃಹಮಂತ್ರಿಗೆ ಟ್ವಿಟರಿನಲ್ಲಿ ಒಂದು ಸಾಲಿನ ಬೈಗುಳ ಬರೆದದ್ದಕ್ಕೆ ಪೊಲೀಸರು ಮನೆ ಶೋಧಿಸಿದ್ದರು. ಇದನ್ನು ನಿಮ್ಮ ಅವ್ವನಿಗೆ ಹೇಳಿಲ್ಲ, ನೀನೂ ಹೇಳಬೇಡ.

ತಪ್ಪಾಯಿತು ಅನ್ನೋದಕ್ಕೆ ಜರ್ಮನ್‌ನಲ್ಲಿ ಏನನ್ನುತ್ತಾರೆ, ಮುಂದಿನ ಪತ್ರದಲ್ಲಿ ಕನ್ನಡ ಅಕ್ಷರದಲ್ಲಿ ಬರೆ. 'ಡೋಖ್' ಬೇಡ, ಅದನ್ನು ನಾನು ಅಂದರೆ ಕೆಮ್ಮಿದ ಹಾಗಿರುತ್ತದೆ, ನಿಮ್ಮ ಕಾಕಿ ನೀರು ತಂದು ಕೊಡುತ್ತಾಳೆ.

ನಿನ್ನ ಕಾಕಾ
ಕಲಬುರಗಿ