ಹಾಲುಣಿಸುವ ತಾಯಿಯ ಊಟ, ಮಗುವಿನ ಮೂಳೆ

ಸದಸ್ಯರ ಗಮನಕ್ಕೆ: ‘ತಾಯಿ ಕ್ಯಾಲ್ಸಿಯಂ ಮಾತ್ರೆ ನುಂಗದಿದ್ದರೆ ಮಗುವಿನ ಮೂಳೆ ಬೆಳೆಯುವುದಿಲ್ಲ’ ಎಂಬ ಸಂದೇಶವನ್ನು ದಯವಿಟ್ಟು ಯಾರಿಗೂ ರವಾನಿಸಬೇಡಿ. ಎದೆಹಾಲಿನ ಮೂಲಕ ದಿನಕ್ಕೆ ಸುಮಾರು 200 ಮಿಲಿಗ್ರಾಂ ಕ್ಯಾಲ್ಸಿಯಂ ಮಗುವಿಗೆ ಸೇರುತ್ತದೆ. ತಾಯಿಯ ಊಟದಲ್ಲಿ ಅದು ಕಡಿಮೆಯಾದರೂ ಹಾಲಿನಲ್ಲಿ ಅಷ್ಟಾಗಿ ಇಳಿಯುವುದಿಲ್ಲ. ಸ್ತನದಲ್ಲೇ ತಯಾರಾಗುವ ಒಂದು ಹಾರ್ಮೋನು ತಾಯಿಯ ಮೂಳೆಯಿಂದ ಅದನ್ನು ಬಿಡಿಸಿ ಕೊಡುತ್ತದೆ. ಹಾಲು ಬಿಡಿಸಿದ ಮೇಲೆ ಆ ಮೂಳೆ ಬಹುಮಟ್ಟಿಗೆ ಮತ್ತೆ ತುಂಬಿಕೊಳ್ಳುತ್ತದೆ. ಹಾಗೆಂದು ತಾಯಿ ಅರೆಹೊಟ್ಟೆಯಲ್ಲಿರಬಹುದು ಎಂದಲ್ಲ! ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಆಕೆಗೆ ಬೇಕೇ ಬೇಕು.

ನನ್ನನ್ನು ಕೇಳಿದರೆ, ಚಿಂತಿಸಬೇಕಾದದ್ದು ವಿಟಮಿನ್ ಡಿ ಬಗ್ಗೆ. ತಾಯಿಯಲ್ಲಿ ಅದರ ಕೊರತೆಯಿದ್ದರೆ ಹಾಲಿನಲ್ಲೂ ಕೊರತೆ. ಮಗುವಿನ ಮೂಳೆ ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ಬರಬಹುದು. ಅದಕ್ಕೇ ಎದೆಹಾಲು ಕುಡಿಯುವ ಶಿಶುಗಳಿಗೆ ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಮಾನ) ವಿಟಮಿನ್ ಡಿ ಹನಿಗಳನ್ನು ವೈದ್ಯರು ಬರೆದುಕೊಡುತ್ತಾರೆ. ಅದನ್ನು ತಪ್ಪಿಸಬೇಡಿ.