ಹಾಲು ಕುಡಿಯದ ಮಗು, ಆಮೇಲೆ ಹಸಿವೇ ತೀರದ ಮಗು

ಮಾನ್ಯರೇ,
ಅಪರೂಪದ ಜೆನೆಟಿಕ್ ಕಾಯಿಲೆಗಳ ಬಗ್ಗೆ ಪತ್ರಿಕೆಲಿ ಬಂದ ವರದಿ ಓದಿದೆ, ಅದ್ರಲ್ಲಿ ಪ್ರಾಡರ್-ವಿಲ್ಲಿ ಸಿಂಡ್ರೋಮ್ ಬಗ್ಗೆ ಒಂದು ಸಾಲಾದ್ರೂ ಇರ್ಬೇಕಿತ್ತು. ಇದು 15ನೇ ಕ್ರೋಮೋಸೋಮ್‌ನ (ಜೀವಕೋಶದಲ್ಲಿ ಜೀನ್‌ಗಳನ್ನ ಹೊತ್ತಿರೋ ಎಳೆ) ತೊಂದರೆ. ಇದ್ರ ವಿಚಿತ್ರ ಏನಂದ್ರೆ ಕಾಯಿಲೆ ಎರಡು ವೇಷ ಹಾಕುತ್ತೆ: ಹುಟ್ಟಿದಾಗ ಮಗು ಬಟ್ಟೆ ಗೊಂಬೆ ಥರ ಮೆತ್ತಗೆ, ಹಾಲು ಎಳ್ಕೊಳಕ್ಕೂ ಶಕ್ತಿ ಇಲ್ಲ, ಅಳುನೂ ಕ್ಷೀಣ, ತೂಕ ಏರಲ್ಲ, ಆಮೇಲೆ ಕೆಲವು ವರ್ಷಕ್ಕೆ ಪೂರ್ತಿ ಉಲ್ಟಾ, ಎಷ್ಟು ತಿಂದ್ರೂ ಹೊಟ್ಟೆ ತುಂಬಲ್ಲ, ಕದ್ದು ತಿನ್ನುತ್ತೆ, ದಪ್ಪ ಆಗುತ್ತೆ. ಬಾದಾಮಿ ಆಕಾರದ ಕಣ್ಣು, ಪುಟ್ಟ ಕೈಕಾಲು, ಕುಳ್ಳು, ಕಲಿಕೆ ನಿಧಾನ ಇವೂ ಸುಳಿವುಗಳೇ. ನಮ್ಮಲ್ಲೋ ದುಂಡಗಿನ ಮಗು ಕಂಡ್ರೆ ದೃಷ್ಟಿ ತೆಗೀತೀವಿ, ಇಲ್ಲಾಂದ್ರೆ ತಾಯಿಗೇ ಬೈತೀವಿ! ರಕ್ತದ ಮಿಥೈಲೇಷನ್ ಟೆಸ್ಟ್ (ಜೀನ್‌ಗಳ ಮೇಲಿನ ರಾಸಾಯನಿಕ ಗುರುತು ನೋಡೋ ಪರೀಕ್ಷೆ) ಮಾಡಿದ್ರೆ ಹೆಚ್ಚುಕಮ್ಮಿ ಎಲ್ಲಾ ಕೇಸೂ ಸಿಗುತ್ತೆ, ಬೇಗ ಗೊತ್ತಾದ್ರೆ ಗ್ರೋತ್ ಹಾರ್ಮೋನ್, ಊಟದ ಕಟ್ಟುನಿಟ್ಟು ಶುರು ಮಾಡ್ಬಹುದು. ಆದ್ದರಿಂದ ಆರೋಗ್ಯ ಇಲಾಖೆ ಆಶಾ, ಅಂಗನವಾಡಿ ಕಾರ್ಯಕರ್ತೆಯರ ಟ್ರೇನಿಂಗ್‌ನಲ್ಲಿ ಈ ಲಕ್ಷಣಗಳನ್ನ ಸೇರಿಸ್ಲಿ, ಹಾಲು ಎಳೆಯದ ಮೆತ್ತಗಿನ ಶಿಶುಗಳನ್ನ ಜೆನೆಟಿಕ್ಸ್ ಡಾಕ್ಟರ್ ಹತ್ರ ಕಳ್ಸೋ ವ್ಯವಸ್ಥೆ ಜಿಲ್ಲಾಸ್ಪತ್ರೆಯಿಂದ್ಲೇ ಆಗ್ಲಿ.

– ಓರ್ವ ಓದುಗ