ಅಪ್ಪನ ಮಳೆ ಲೆಕ್ಕದ 23 ದಿನ

ಪ್ರೀತಿಯ ಸತೀಶ,

ಮಸ್ಕತ್‌ನಲ್ಲಿ ಸೆಕೆ ಹೇಗುಂಟು? ಇಲ್ಲಿ ಪತ್ತನಾಜೆ, ಅಂದರೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ, ಕಳೆದು ಎರಡು ವಾರವಾಯಿತು. ಮೇಳದವರೆಲ್ಲ ಗೆಜ್ಜೆ ಬಿಚ್ಚಿ ಊರು ಸೇರಿದರು, ಮಳೆ ಹಿಡಿದಿದೆ. ಅಪ್ಪನ ಮಳೆ ಡೈರಿಯ ಅಂಕಿಗಳನ್ನು ನೀರಿನ ಹನಿಯಾಗಿ ಕೇಳಿಸಿದ ನಮ್ಮ ಪ್ರದರ್ಶನದ ವಿಡಿಯೋ ನೋಡಿ "ಹನಿ ಬೀಳುವುದು ಕೇಳ್ತದೆ, ಉಳಿದದ್ದು ಎಂತ ಅಂತ ಗೊತ್ತಾಗ್ಲಿಲ್ಲ ಮಾರಾಯ" ಅಂತ ಬರೆದಿದ್ದೆಯಲ್ಲ, ಅದಕ್ಕೇ ಈ ಪತ್ರ. ವಾಟ್ಸಾಪ್‌ನಲ್ಲೇ ಹೇಳಬಹುದಿತ್ತು. ಆ ದಿನ ಬಂದು ಕೂತವರೂ ಓದಲಿ ಅಂತ ಎಲ್ಲರ ಎದುರು ಬರೆಯುತ್ತಿದ್ದೇನೆ. ಆ ಏಳನೇ ಮೂಡೆ ಇಡ್ಲಿಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ಅಪ್ಪನ ಮಳೆ ಡೈರಿ ನಿನಗೆ ಗೊತ್ತುಂಟು. ಉಡುಪಿ ಹತ್ತಿರದ ಹಿರಿಯಡಕದ ಮನೆಯ ಅಂಗಳದಲ್ಲಿ, ತುಳಸಿಕಟ್ಟೆಯಿಂದ ಆಚೆ, ತೆಂಗಿನ ಗರಿಯ ನೀರು ಬೀಳದ ಕಡೆ ಮಳೆಮಾಪಕ. ಬೆಳಿಗ್ಗೆ 8.30ಕ್ಕೆ, ಹವಾಮಾನ ಇಲಾಖೆಯವರು ಮಳೆ ಅಳೆಯುವ ಹೊತ್ತಿಗೇ ಸರಿಯಾಗಿ, ಅಪ್ಪ ಹಾಳೆಯ ಟೊಪ್ಪಿ, ಮುಟ್ಟಾಳೆ, ಹಾಕಿಕೊಂಡು ಇಳಿಯುತ್ತಿದ್ದರು. ಬಾಟಲಿಯ ನೀರನ್ನು ಅಳತೆ ಗ್ಲಾಸಿಗೆ ಹೊಯ್ದು, ಕಣ್ಣಿನ ನೇರಕ್ಕೆ ಹಿಡಿದು, "17.4, 17.4" ಅಂತ ಬಾಯಲ್ಲಿ ಹೇಳಿಕೊಳ್ಳುತ್ತಲೇ ಒಳಗೆ ಬಂದು ಬರೆಯುವುದು. ಪೆನ್ನು ಕೆಳಗಿಡುವ ತನಕ ಯಾರೂ ಮಾತಾಡಿಸಬಾರದು. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು ಅಂತ ನಮಗಿಬ್ಬರಿಗೂ ಕಲಿಸಿದ್ದು ಅವರೇ. ಆಮೇಲೆ "ಹಾಗಾದ್ರೆ ಅಂಗಳಕ್ಕೆ ಎಷ್ಟು ಕೊಡಪಾನ ಬಿತ್ತು, ಲೆಕ್ಕ ಹಾಕಿ" ಅನ್ನುತ್ತಿದ್ದರು. 1989ರಿಂದ 2021ರವರೆಗೆ 33 ಡೈರಿ. ನಮ್ಮ ಕಡೆ ಅಡಿಕೆ ತೋಟದವರಲ್ಲಿ ಮಳೆ ಬರೆದಿಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಆ ಡೈರಿಗಳು ಕಪಾಟಿನಲ್ಲೇ ಗೆದ್ದಲಿಗೆ ಹೋಗುತ್ತವೆ.

ಅದನ್ನು ನಾಲ್ಕು ಜನ ಒಟ್ಟಿಗೆ ಕೂತು ಕೇಳುವ ಹಾಗೆ ಮಾಡಬಹುದು ಅಂತ ಹೊಳೆದದ್ದು ಮೆಕ್ಸಿಕೋ ಮೂಲದ ಕಲಾವಿದ ರಫಾಯೆಲ್ ಲೊಸಾನೊ-ಹೆಮ್ಮರ್ ಅವರ 'ಪಲ್ಸ್ ರೂಮ್' ಅನ್ನುವ ಕಲಾಕೃತಿಯ ಬಗ್ಗೆ ಓದಿದ ಮೇಲೆ. 2006ರಲ್ಲಿ ಮೆಕ್ಸಿಕೋದಲ್ಲಿ ಮೊದಲು ತೋರಿಸಿದ್ದು, ಮರುವರ್ಷ ಇಟಲಿಯ ದೊಡ್ಡ ಕಲಾಪ್ರದರ್ಶನ ವೆನಿಸ್ ಬಿಯೆನಾಲೆಗೂ ಹೋಯಿತು. ಕೋಣೆ ತುಂಬ ಹಳೆಯ ಕಾಲದ ಬಲ್ಬು ನೇತುಹಾಕಿದ್ದಾರೆ. ಸೆನ್ಸರ್ ಇರುವ ಹಿಡಿಯನ್ನು ಹಿಡಿದುಕೊಂಡರೆ ನಿನ್ನ ಎದೆಬಡಿತಕ್ಕೆ ಸರಿಯಾಗಿ ಒಂದು ಬಲ್ಬು ಮಿನುಗುತ್ತದೆ. ನೀನು ಕೈಬಿಟ್ಟ ಮೇಲೆ ಆ ಬಡಿತ ಸಾಲಿನ ಮುಂದಿನ ಬಲ್ಬಿಗೆ ಸರಿಯುತ್ತದೆ. ಹೊಸಬರು ಬಂದ ಹಾಗೆ ಎಲ್ಲರದೂ ಒಂದೊಂದು ಬಲ್ಬು ಮುಂದೆ ಹೋಗಿ, ಎಲ್ಲಕ್ಕಿಂತ ಹಳೆಯದು ಸಾಲಿನಿಂದ ಹೊರಗೆ. ಆಸ್ಪತ್ರೆಯಲ್ಲಿ ಮಂಚದ ಪಕ್ಕದ ಪರದೆಯಲ್ಲಿ ನೋಡಿದರೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುವ ಅದೇ ಬಡಿತ, ಅಲ್ಲಿ ಗುರುತಿಲ್ಲದವರ ಬಡಿತದ ಪಕ್ಕ ಬೆಳಕಾಗಿ ನಿಲ್ಲುತ್ತದೆ.

ನಾವು ಮಾಡಿದ್ದು ಇಷ್ಟು. ಉಡುಪಿಯ ಒಂದು ಹಳೆಯ ಮನೆಯ ಚಾವಡಿ. ಮಾಡಿನ ಅಡ್ಡಕ್ಕೆ ಎಂಟು ಸಣ್ಣ ಪೈಪು, ಪ್ರತಿಯೊಂದಕ್ಕೂ ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್, ಎಲ್ಲ ಆರ್ಡುಯಿನೋ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡಿನ ಹಿಡಿತದಲ್ಲಿ. ಕೆಳಗೆ ತಾಮ್ರದ ಹಂಡೆ, ಕಂಚಿನ ತಂಬಿಗೆ, ಮಡಕೆ, ಒಂದು ಕಡೆ ಮಾತ್ರ ಒಣಗಿದ ಅಡಿಕೆ ಹಾಳೆ. ಡೈರಿಯ ಒಂದು ದಿನಕ್ಕೆ 3 ಸೆಕೆಂಡ್, ಒಂದು ಮಿಲಿಮೀಟರ್‌ಗೆ ಒಂದು ಹನಿ. ಒಂದು ವರ್ಷ ಮುಗಿಯಲು 18 ನಿಮಿಷ. ಜನವರಿಯಿಂದ ಶುರುವಾಗುವುದರಿಂದ ಮೊದಲ ಐದು ನಿಮಿಷ ಬಹುತೇಕ ಏನೂ ಇಲ್ಲ. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಫ್ಯಾನ್ ಆರಿಸಿ ಬೆವರುತ್ತಾ ಕೂತ ಜನ. ಏಪ್ರಿಲ್‌ನ ಮೊದಲ ಹನಿ ಹಾಳೆಯ ಮೇಲೆ 'ಟಪ್' ಅಂದಾಗ ಎಲ್ಲರೂ ಒಟ್ಟಿಗೇ ತಲೆ ಎತ್ತಿದರು. ನಾವು ಹೇಳಿಕೊಟ್ಟದ್ದಲ್ಲ ಮಾರಾಯ, ತಾವಾಗಿಯೇ. ಜೂನ್ ಬರುವಾಗ ಹಂಡೆ, ತಂಬಿಗೆ, ಮಡಕೆ ಎಲ್ಲ ಒಂದೇ ಸಮನೆ ಬಡಿದು, ಪಕ್ಕದವರ ಮಾತು ಕೇಳದ ಹಾಗಾಯಿತು.

ಉಡುಪಿಗೆ ನೆರೆ ಬಂದ 2020ರ ಸೆಪ್ಟೆಂಬರ್ 20ರ ಪುಟದಲ್ಲಿ ಸಂಖ್ಯೆಯೇ ಇಲ್ಲ. "ತುಂಬಿ ಹರಿದಿದೆ" ಅಂತ ಅಪ್ಪ ಬರೆದಿದ್ದಾರೆ. ಅಂದಾಜು ಹಾಕಬಹುದಿತ್ತು, ಹಾಕಲಿಲ್ಲ. ಅದಕ್ಕೆ ಆ 3 ಸೆಕೆಂಡ್ ಎಂಟೂ ವಾಲ್ವನ್ನು ಪೂರ್ತಿ ಬಿಟ್ಟೆವು.

ಇಲ್ಲಿಗೇ ನಿಲ್ಲಿಸಬೇಕು ಅಂತಿದ್ದೆ.

ಸತೀಶ, 2021ರ ಜುಲೈಯಲ್ಲಿ ಅಪ್ಪ ಹಾಸಿಗೆ ಹಿಡಿದಾಗ ನಾನು ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದೆ. ಮಾಪಕ ನೋಡುವುದು ನನ್ನ ಪಾಲಿಗೆ ಬಂತು. ನಾನು ನೋಡಿ ಹೇಳುವುದು, ಅವರು ದಿಂಬಿಗೆ ಒರಗಿ ಬರೆಯುವುದು. ಒಂದು ದಿನ 8.30ಕ್ಕೆ ಮೀಟಿಂಗ್ ಇತ್ತು, ಹೊರಗೆ ಧೋ ಅಂತ ಮಳೆ. "ಎಷ್ಟಾಯ್ತು?" ಅಂತ ಕೇಳಿದರು. ಕಿಟಕಿಯಿಂದ ಒಮ್ಮೆ ನೋಡಿ "40" ಅಂದೆ. ಆ ದಿನ ಬಾಟಲಿ ಖಾಲಿ ಮಾಡಲಿಲ್ಲವಲ್ಲ, ಮರುದಿನ ಅದರಲ್ಲಿ ಇದ್ದದ್ದು ಎರಡು ದಿನದ ನೀರು. ಅಳೆದರೂ ಉಪಯೋಗವಿಲ್ಲ. ಮತ್ತೆ ಬಾಯಿಗೆ ಬಂದದ್ದು ಹೇಳಿದೆ. ಆಮೇಲೆ ಅಭ್ಯಾಸವಾಯಿತು. ದುಃಖದಲ್ಲಿ ಹಾಗೆ ಮಾಡಿದೆ ಅಂತ ನಿನ್ನ ಹತ್ತಿರ ಹೇಳಬೇಕು ಅಂತ ಆಸೆಯಾಗುತ್ತದೆ. ಅಲ್ಲ. ಉದಾಸೀನ. ದಿನಾ ಅದೇ ಪ್ರಶ್ನೆ ಕೇಳುತ್ತಾರಲ್ಲ ಅಂತ ಸ್ವಲ್ಪ ಸಿಟ್ಟೂ ಇತ್ತು.

ಡೈರಿಯನ್ನೆಲ್ಲ ಕಂಪ್ಯೂಟರಿಗೆ ಹಾಕುವಾಗ ಅದು ಕಣ್ಣಿಗೆ ಹೊಡೆಯಿತು. 32 ವರ್ಷ 17.4, 63.2, 8.6 ಅಂತ ನಡೆದುಬಂದ ಅಂಕಿ ಆ ಜುಲೈಯಲ್ಲಿ ಇದ್ದಕ್ಕಿದ್ದಂತೆ 40, 35, 20, 60. ಮಳೆ ಹಾಗೆ ಬೀಳುವುದಿಲ್ಲ. ಎಣಿಸಿದೆ, 23 ದಿನ. ಆಮೇಲೆ ಡೈರಿಯನ್ನು ಬೆಳಕಿಗೆ ಹಿಡಿದು ನೋಡಿದೆ. ನಾನು "40" ಅಂದ ಕಡೆ ಅಪ್ಪ ನಡುಗುವ ಕೈಯಲ್ಲಿ "40.0" ಅಂತ ಬರೆದಿದ್ದಾರೆ. 35.0. 20.0. ಆ ಸೊನ್ನೆ ನಾನು ಹೇಳಿದ್ದಲ್ಲ. ಅಳೆದೇ ಬಂದಿದ್ದಾನೆ ಅಂತ ನಂಬಿ ಹಾಕಿದರೋ, ಗೊತ್ತಾಗಿಯೇ ಹಾಕಿದರೋ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಹಂಚಿನ ಮೇಲಿನ ಮಳೆ ಕೇಳುತ್ತಾ ಮಲಗಿದ್ದ ಮನುಷ್ಯ.

ಅಷ್ಟು ಗೊತ್ತಿದ್ದೂ 2021ನ್ನು ನುಡಿಸಿದೆ. ಆಚೆಮನೆ ಗಿರಿಜಕ್ಕ ಆ ಜುಲೈ ಬರುವಾಗ ಕಣ್ಣು ಮುಚ್ಚಿ ಕೂತಿದ್ದರು. ಮುಗಿದ ಮೇಲೆ ನನ್ನ ಕೈ ಹಿಡಿದು "ಹೌದು ಮಗಾ, ಆ ವರ್ಷ ಹೀಗೇ ಬಂದಿತ್ತು, ನನಗೆ ನೆನಪುಂಟು" ಅಂದರು. ಬಿದ್ದೇ ಇಲ್ಲದ ಮಳೆಯನ್ನು ಅವರು ನೆನಪಿಸಿಕೊಂಡರು. ನಾನು ಸುಮ್ಮನೆ ತಲೆಯಾಡಿಸಿದೆ. ಅಂದಿನಿಂದ ಊಟ ರುಚಿಸುವುದಿಲ್ಲ.

ಜಾರ್ಜಿಯಾ ಲೂಪಿ, ಸ್ಟೆಫನಿ ಪೊಸಾವೆಕ್ ಅಂತ ಇಬ್ಬರು ವಿನ್ಯಾಸಗಾರ್ತಿ ಗೆಳತಿಯರು, ಒಬ್ಬರು ನ್ಯೂಯಾರ್ಕ್‌ನಲ್ಲಿ, ಇನ್ನೊಬ್ಬರು ಲಂಡನ್‌ನಲ್ಲಿ. 52 ವಾರ ತಮ್ಮ ದಿನನಿತ್ಯದ ಲೆಕ್ಕವನ್ನೇ ಕೈಯಲ್ಲಿ ಚಿತ್ರವಾಗಿ ಬರೆದು ಪೋಸ್ಟ್‌ಕಾರ್ಡಿನಲ್ಲಿ ಕಳಿಸಿಕೊಂಡರು. ಆ ಕಾರ್ಡುಗಳು ಈಗ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿವೆ. ಡೇಟಾ ಯಾವತ್ತೂ ಅಪೂರ್ಣವೇ, ಅದನ್ನು ಒಪ್ಪಿಕೊಳ್ಳಬೇಕು ಅಂತ ಲೂಪಿ ಹೇಳುತ್ತಾರೆ. ಅವರ ಮಾತಿನ ಮರೆಯಲ್ಲಿ ಅಡಗೋಣ ಅಂತ ನೋಡಿದೆ, ಆಗಲಿಲ್ಲ. "ತುಂಬಿ ಹರಿದಿದೆ" ಅನ್ನುವುದು ಅಪೂರ್ಣ. ನನ್ನ 40 ಸುಳ್ಳು.

ಮುಂದಿನ ಪ್ರದರ್ಶನ ಮಂಗಳೂರಿನಲ್ಲಿ. ಆ 23 ದಿನ ಹನಿ ಬಿಡುವುದಿಲ್ಲ ಅಂತ ಒಮ್ಮೆ ನಿಶ್ಚಯಿಸುತ್ತೇನೆ. ಬಿಡದಿದ್ದರೆ ಅಪ್ಪ ಕಷ್ಟಪಟ್ಟು ಬರೆದ ಆ ಸೊನ್ನೆಗಳೂ ಹೋಗುತ್ತವೆ ಅಂತ ಮತ್ತೆ ಅನಿಸುತ್ತದೆ. ಗಿರಿಜಕ್ಕನಿಗಂತೂ ಈ ಪತ್ರವನ್ನು ಇವತ್ತು ಸಂಜೆ ನಾನೇ ಓದಿ ಹೇಳುತ್ತೇನೆ. ನೀನು ಆ ಅಂಗಳದಲ್ಲಿ ಆಡಿದವನು, ನಿನಗೆ ಎಂತ ಅನಿಸ್ತದೆ ಹೇಳು.

ಸಾಕು, ತುಂಬ ಬರೆದೆ. ಅಮ್ಮ ಅರಶಿನ ಎಲೆಯ ಕಡುಬು ಬೇಯಲು ಇಟ್ಟಿದ್ದಾಳೆ, ಮನೆಯೆಲ್ಲ ಪರಿಮಳ. ಕೃಷ್ಣಾಷ್ಟಮಿಯ ವಿಟ್ಲಪಿಂಡಿಗೆ ಬರುತ್ತೀ ಅಂತ ಅವಳಿಗೆ ಹೇಳಿಯಾಗಿದೆ, ಮೂಡೆ ಎಣಿಸಿಯೇ ಇಡುತ್ತಾಳಂತೆ. ಬರುವಾಗ ಒಂದು ಅಳತೆ ಗ್ಲಾಸು ತಾ. ಹಳೆಯದು ಯಾರ ಕೈಯಿಂದ ಜಾರಿತು ಅಂತ ನಾನು ಇನ್ನೂ ಯಾರಿಗೂ ಹೇಳಿಲ್ಲ. ಈಗ ಸ್ಟೀಲ್ ಲೋಟಕ್ಕೆ ಗೆರೆ ಹಾಕಿಕೊಂಡು ಅಳೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ 31ಕ್ಕೂ 32ಕ್ಕೂ ನಡುವೆ ಎಲ್ಲೋ ನಿಂತಿತ್ತು.

ನಿನ್ನ,
ತುಳಸಿಕಟ್ಟೆಯ ಆಚೆಯವ